ನೆರಳಿನಲ್ಲಿ ಹದಗೊಳ್ಳುವ ಒಗರು

ಎಳೆಯ ಅಡಿಕೆಯನ್ನೋ ಬಲಿಯದ ಬಾಳೆಕಾಯಿಯನ್ನೋ ಕಚ್ಚಿದಾಗ ನಾಲಿಗೆ ದಪ್ಪಗಾಗಿ ಬಾಯಿ ಹಿಡಿದುಕೊಂಡಂತಾಗುವುದನ್ನು ನಾವು ಒಗರು ಎನ್ನುತ್ತೇವೆ, ಷಡ್ರಸಗಳಲ್ಲಿ ಒಂದೆಂದು ಎಣಿಸುತ್ತೇವೆ. ವಿಜ್ಞಾನದ ಲೆಕ್ಕದಲ್ಲಿ ಮಾತ್ರ ಅದು ಬಹುಮಟ್ಟಿಗೆ ರುಚಿಯಲ್ಲ, ಸ್ಪರ್ಶ. ಹಸಿರು ಚಹಾದಲ್ಲಿರುವ ಕ್ಯಾಟೆಚಿನ್ ಎಂಬ ಪಾಲಿಫಿನಾಲ್‌ಗಳು ಜೊಲ್ಲಿನ ಪ್ರೋಟೀನುಗಳಿಗೆ ಅಂಟಿಕೊಂಡು ಅವನ್ನು ಗಂಟುಗಟ್ಟಿಸುವುದರಿಂದ ಬಾಯಿಯ ನುಣುಪು ಕಡಿಮೆಯಾಗಿ ಒಳಮೈ ತರಿತರಿಯೆನಿಸುತ್ತದೆ. ಹಾಲು ಬೆರೆಸಿದ ನಮ್ಮ ಚಹಾದಲ್ಲಿ ಈ ಒಗರು ಅಷ್ಟಾಗಿ ಕಾಣದಿರುವುದಕ್ಕೆ ಕಾರಣ, ಅಂಥ ಪಾಲಿಫಿನಾಲ್‌ಗಳನ್ನು ಹಾಲಿನ ಪ್ರೋಟೀನುಗಳು ಲೋಟದಲ್ಲೇ ಹಿಡಿದಿಟ್ಟುಕೊಂಡಿರುತ್ತವೆ.

ಹಾಲು ಹಾಕದ ಜಪಾನೀಯರು ಬೇರೆ ದಾರಿ ಹಿಡಿದರು. ಚಹಾ ಎಲೆಯಲ್ಲಿ ಥಿಯನಿನ್ ಎಂಬ ಅಮೈನೋ ಆಮ್ಲವೂ ಇದ್ದು, ಅದು ಗ್ಲುಟಮೇಟ್ ಎಂಬ ಇನ್ನೊಂದು ಅಮೈನೋ ಆಮ್ಲದೊಡನೆ ಸೇರಿ ಅಣಬೆಯ ಸಾರಿನಲ್ಲಿರುವಂಥ ತುಂಬು ರುಚಿಯನ್ನು ಕೊಡುತ್ತದೆ. ಕೊಂಬು ಎಂಬ ಕಡಲಪಾಚಿಯ ಸಾರಿನಲ್ಲಿ ಈ ರುಚಿಯ ಮೂಲವನ್ನು ಹುಡುಕಿ 1908ರಲ್ಲಿ ಅದಕ್ಕೆ ಉಮಾಮಿ ಎಂದು ಹೆಸರಿಟ್ಟವರು ರಸಾಯನವಿಜ್ಞಾನಿ ಕಿಕುನಾಎ ಇಕೆದಾ. ಅಮೈನೋ ಆಮ್ಲಗಳು ಉಗುರುಬೆಚ್ಚಗಿನ ನೀರಿಗೂ ಬಿಟ್ಟುಕೊಳ್ಳುತ್ತವೆ. ಕ್ಯಾಟೆಚಿನ್ ಮತ್ತು ಕೆಫೀನ್ ಹೆಚ್ಚಾಗಿ ಇಳಿಯುವುದು ನೀರು ಚೆನ್ನಾಗಿ ಬಿಸಿಯಿದ್ದಾಗ. ಆದ್ದರಿಂದಲೇ ಸೆಂಚಾ ಎಂಬ ಎಲೆ ಚಹಾಕ್ಕೆ 70ರಿಂದ 80 ಡಿಗ್ರಿ ಸೆಲ್ಸಿಯಸ್ ನೀರನ್ನೂ, ದುಬಾರಿಯಾದ ಗ್ಯೊಕುರೋಗೆ 50ರಿಂದ 60 ಡಿಗ್ರಿಯದನ್ನೂ ಬಳಸುತ್ತಾರೆ.

ಜಪಾನೀಯರ ವಿಧಿಬದ್ಧ ಚಹಾಕೂಟದಲ್ಲಿ ಈ ಉಪಾಯ ಅಷ್ಟಾಗಿ ನಡೆಯುವುದಿಲ್ಲ. ಅಲ್ಲಿ ಕುಡಿಯುವುದು ಮಾಚಾ, ಅಂದರೆ ನೀರಿನಲ್ಲಿ ಕದಡಿದ ಎಲೆಯ ಪುಡಿ. ಸೋಸುವ ಪ್ರಶ್ನೆಯೇ ಇಲ್ಲದ್ದರಿಂದ ಎಲೆಯಲ್ಲಿರುವುದೆಲ್ಲ ಹೊಟ್ಟೆಗೆ ಹೋಗುತ್ತದೆ. ಒಗರನ್ನು ಕಡಿಮೆ ಮಾಡಬೇಕಾದರೆ ತೋಟದಲ್ಲೇ ಮಾಡಬೇಕು. ಕ್ಯೋಟೋ ಬಳಿಯ ಉಜಿಯಂಥ ಕಡೆ ಕೊಯ್ಲಿಗೆ ಮೂರು ವಾರಗಳಷ್ಟು ಮೊದಲೇ ಗಿಡಗಳ ಮೇಲೆ ಚಪ್ಪರ ಹಾಕುತ್ತಾರೆ. ಬೇರಿನಲ್ಲಿ ತಯಾರಾಗಿ ಚಿಗುರಿಗೆ ಏರುವ ಥಿಯನಿನ್ ಬಿಸಿಲಿಗೆ ಸಿಕ್ಕರೆ ಒಡೆದು ಕ್ಯಾಟೆಚಿನ್ ಆಗುವ ದಾರಿ ಹಿಡಿಯುತ್ತದೆ; ನೆರಳಿನಲ್ಲಿ ಅದರ ಬಹುಪಾಲು ಹಾಗೇ ಉಳಿಯುತ್ತದೆ. ಕಡಿಮೆ ಬೆಳಕಿನಲ್ಲಿ ಗಿಡ ಹರಿತ್ತನ್ನು ಹೆಚ್ಚಿಸಿಕೊಳ್ಳುವುದರಿಂದ ಪುಡಿಗೆ ಆ ಗಾಢ ಹಸಿರು ಬಣ್ಣ ಬರುತ್ತದೆ. ಕೊಯ್ದ ಎಲೆಯನ್ನು ಕೂಡಲೇ ಹಬೆಯಲ್ಲಿ ಬೇಯಿಸಿ, ಒಣಗಿಸಿ, ನಾರು ತೆಗೆದು ಬೀಸುತ್ತಾರೆ. ಒಂದು ಬೀಸುಕಲ್ಲಿನಿಂದ ಗಂಟೆಗೆ ಸುಮಾರು 40 ಗ್ರಾಂ ಪುಡಿ ಸಿಕ್ಕರೆ ಹೆಚ್ಚು.

ಉಳಿದ ಒಗರಿಗೆ ಕೂಟದ ಕ್ರಮದಲ್ಲೇ ಉತ್ತರವಿದೆ. 16ನೆಯ ಶತಮಾನದಲ್ಲಿ ಚಹಾಗುರು ಸೆನ್ ನೋ ರಿಕ್ಯು ರೂಪಿಸಿದ, ಎರಡೇ ಚಾಪೆಯಷ್ಟು ಚಿಕ್ಕ ಕೋಣೆಯಲ್ಲೂ ನಡೆಯುವ ಈ ಆಚರಣೆಯನ್ನು ಬರಿಯ ಶಿಷ್ಟಾಚಾರವೆಂದು ನೋಡುವವರು ಸಿಹಿ ಯಾವಾಗ ಬರುತ್ತದೆಂಬುದನ್ನು ಗಮನಿಸಬೇಕು. ಕೆಂಪು ಅಜುಕಿ ಕಾಳಿನ ಸಿಹಿಯನ್ನು ಚಹಾದ ಜೊತೆಗಲ್ಲ, ಅದಕ್ಕೆ ಮೊದಲೇ ತಿಂದು ಮುಗಿಸಬೇಕು. ನಾಲಿಗೆಯ ಮೇಲೆ ಸಕ್ಕರೆಯ ಪಸೆ ಇನ್ನೂ ಇರುವಾಗಲೇ ಆತಿಥೇಯರು ಸುಮಾರು 2 ಗ್ರಾಂ ಪುಡಿಗೆ ಬಿಸಿನೀರು ಹೊಯ್ದು, ಬಿದಿರಿನ ಸೀಳುಗಳ ಕಡೆಗೋಲನ್ನು ಸರಸರನೆ ಆಡಿಸಿ ನೊರೆ ಎಬ್ಬಿಸುತ್ತಾರೆ.

ಕೊಯಿಚಾ ಎಂಬ ಗಟ್ಟಿ ಚಹಾ ನಿಜವಾದ ಪರೀಕ್ಷೆ. ಪುಡಿ ಇಮ್ಮಡಿ, ನೀರು ಕಡಿಮೆ, ನೊರೆಯಿಲ್ಲ. ನಾದಿದ ಗಂಜಿಯಂತೆ ಬಟ್ಟಲಿನಲ್ಲಿ ನಿಧಾನವಾಗಿ ಜರುಗುವ ಆ ಹಸಿರಿನಲ್ಲಿ ಸಾಧಾರಣ ಎಲೆಯ ಒಗರನ್ನು ಮರೆಮಾಚಲಾಗದು. ಬೇಸಿಗೆಯ ತಿಂಗಳುಗಳಲ್ಲಿ ಇದಕ್ಕೆ ಮೊದಲು ಕುದಿಯುವ ಕಬ್ಬಿಣದ ಪಾತ್ರೆಗೆ ಒಂದು ಸೌಟು ತಣ್ಣೀರು ಹಾಕುವುದುಂಟು. ಮುಖ್ಯ ಅತಿಥಿ ಗುಟುಕರಿಸಿ, ಬಟ್ಟಲನ್ನು ಪಕ್ಕದವರಿಗೆ ದಾಟಿಸಿ, ಆತಿಥೇಯರನ್ನು ಕೇಳುತ್ತಾರೆ: ಈ ಚಹಾದ ಹೆಸರೇನು, ಯಾವ ಅಂಗಡಿಯದು?