ಕ್ಷಮಿಸಿದ್ದೇನೆ, ಆದರೆ ನಿದ್ದೆ ಬರುವುದಿಲ್ಲ

ಕೊಡಗಿನ ವಿರಾಜಪೇಟೆ ಮತ್ತು ಸಿದ್ದಾಪುರದ ಸುತ್ತಲಿನ ಕಾಫಿ ತೋಟಗಳಿಂದ ಆಪ್ತಸಮಾಲೋಚನೆಗೆಂದು ನನ್ನಲ್ಲಿಗೆ ಬರುವ ಕ್ರೈಸ್ತ ಕುಟುಂಬಗಳವರ ಮನೆಮಾತು ಕೊಂಕಣಿ, ಮಲಯಾಳ, ತಮಿಳು, ಕನ್ನಡ ಯಾವುದೇ ಇರಲಿ, ಮೊದಲ ಭೇಟಿಯಲ್ಲಿ ಅವರು ಆಡುವ ಮಾತು ಬಹುಮಟ್ಟಿಗೆ ಒಂದೇ ಆಗಿರುತ್ತದೆ: "ಅವರನ್ನು ಕ್ಷಮಿಸಿದ್ದೇನೆ ಮೇಡಂ, ಆದರೆ ರಾತ್ರಿ ನಿದ್ದೆ ಬರುವುದಿಲ್ಲ." ನಿದ್ದೆ ಬಾರದಿರುವುದೇ ತಮ್ಮ ತೊಂದರೆ ಎಂದು ಅವರು ಭಾವಿಸಿರುತ್ತಾರೆ. ನಾನು ಮಾತು ಆರಂಭಿಸುವುದು ಅವರ ವಾಕ್ಯದ ಮೊದಲ ಭಾಗದಿಂದ.

ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಒಬ್ಬರ ವಿಷಯ ಹೇಳುತ್ತೇನೆ. ಐವತ್ತರ ಆಸುಪಾಸಿನ ಹೆಣ್ಣುಮಗಳು, ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ಬೆಳೆದವರು. ತಂದೆ ವಾರದ ಬಟವಾಡೆಯ ದಿನ ಕುಡಿದು ಬಂದು ತಾಯಿಯನ್ನೂ ಮಕ್ಕಳನ್ನೂ ಹೊಡೆಯುತ್ತಿದ್ದರು. ಅದೇ ತಂದೆ ಲಕ್ವ ಹೊಡೆದು ಮಲಗಿದಾಗ, ಉಳಿದವರೆಲ್ಲ ದೂರ ಸರಿದರೂ, ಅವರ ಮಲಮೂತ್ರ ಬಳಿದು ಕೊನೆಯವರೆಗೆ ನೋಡಿಕೊಂಡವರು ಈ ಮಗಳು. ತಂದೆ ತೀರಿಹೋಗಿ ಎಷ್ಟೋ ವರ್ಷಗಳಾದ ಮೇಲೂ ಚರ್ಚಿನ ಗುರುಗಳ ಮುಂದೆ ಮಾಡುವ ಪ್ರತಿ ಪಾಪನಿವೇದನೆಯಲ್ಲಿ "ಅಪ್ಪನ ಮೇಲೆ ನನಗೆ ಸಿಟ್ಟಿದೆ" ಎಂದೇ ಹೇಳಿಕೊಳ್ಳುತ್ತಿದ್ದರಂತೆ. "ಅಪ್ಪ ಹೊಡೆದದ್ದನ್ನು ಯಾರಿಗಾದರೂ ಹೇಳಿದ್ದೀರಾ?" ಎಂದು ಕೇಳಿದೆ. ಇಲ್ಲ ಎಂದರು. ತಂದೆಯ ತಪ್ಪನ್ನು ಒಮ್ಮೆಯೂ ಬಾಯಿಬಿಟ್ಟು ಹೇಳದೆ, ಅದು ತಮ್ಮಲ್ಲಿ ಉಳಿಸಿಹೋದ ನೋವನ್ನಷ್ಟೇ ತಮ್ಮ ಪಾಪವೆಂದು ಅವರು ವರ್ಷಗಟ್ಟಲೆ ನಿವೇದಿಸಿಕೊಂಡು ಬಂದಿದ್ದರು.

ನಮ್ಮ ಕ್ರೈಸ್ತ ಸಭೆಗಳಲ್ಲಿ ಕ್ಷಮೆಯ ಬೋಧನೆ ಧಾರಾಳವಾಗಿದೆ. ಎಷ್ಟು ಸಾರಿ ಕ್ಷಮಿಸಬೇಕೆಂದು ಶಿಷ್ಯ ಪೇತ್ರನು ಕೇಳಿದ್ದು, ಯೇಸು ಎಪ್ಪತ್ತೇಳರ ಲೆಕ್ಕ ಕೊಟ್ಟದ್ದು ಮಕ್ಕಳಿಗೂ ಗೊತ್ತು. ಆದರೆ ಮತ್ತಾಯನ ಸುವಾರ್ತೆಯ ಅದೇ ಹದಿನೆಂಟನೆಯ ಅಧ್ಯಾಯದಲ್ಲಿ, ಆ ಪ್ರಶ್ನೆಗಿಂತ ಆರು ವಚನ ಮೊದಲು, ಸಹೋದರನು ತಪ್ಪು ಮಾಡಿದರೆ ಅವನ ಬಳಿಗೆ ಹೋಗಿ ಅದನ್ನು ಅವನಿಗೆ ತಿಳಿಸು ಎಂಬ ಮಾತಿದೆ. ತಪ್ಪಿಗೆ ಹೆಸರಿಡುವುದು ಮೊದಲು, ಕ್ಷಮೆಯ ಲೆಕ್ಕ ಅದರ ನಂತರ. ಈ ಕ್ರಮವನ್ನು ಹಿಂದುಮುಂದು ಮಾಡಿ, ಅಳಲು ಬಂದವರಿಗೆ ಕ್ಷಮೆಯನ್ನೇ ಮೊದಲ ಔಷಧಿಯಾಗಿ ಕೊಡುವುದನ್ನು ನಾನು ಒಪ್ಪುವುದಿಲ್ಲ. ಪ್ರವಾದಿ ಯೆರೆಮೀಯನು ತನ್ನ ಕಾಲದ ಯಾಜಕರನ್ನು ಆಕ್ಷೇಪಿಸಿದ್ದೂ ಇದಕ್ಕಾಗಿಯೇ: ಜನರ ಗಾಯವನ್ನು ಮೇಲ್ಮೇಲೆ ಮಾತ್ರ ವಾಸಿಮಾಡಿ, ಸಮಾಧಾನವಿಲ್ಲದಲ್ಲಿ ಸಮಾಧಾನ ಎನ್ನುತ್ತಾರೆಂದು.

ಈ ಹೆಣ್ಣುಮಗಳಿಗೆ ನಾನು ಮೊದಲು ಓದಲು ಹೇಳಿದ್ದು ಬೈಬಲ್‌ನ ಹದಿಮೂರನೆಯ ಕೀರ್ತನೆ. ಅದರ ಆರಂಭದ ಎರಡು ವಚನಗಳಲ್ಲಿ "ಎಷ್ಟರವರೆಗೆ" ಎಂಬ ಪ್ರಶ್ನೆ ನಾಲ್ಕು ಸಾರಿ ಬರುತ್ತದೆ, ಅದೂ ದೇವರನ್ನೇ ಕುರಿತು. ಮುಂದಿನ ವಾರ ಎಂಬತ್ತೆಂಟನೆಯದನ್ನು ಓದಿದರು. ದೂರಿನಿಂದ ತೊಡಗುವ ಹೆಚ್ಚಿನ ಕೀರ್ತನೆಗಳು ಕೊನೆಗೆ ಸ್ತುತಿಯತ್ತ ತಿರುಗುತ್ತವೆ. ಇದು ಹಾಗಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಅವರು ಪುಟ ತಿರುವಿ ನೋಡಿ, "ಇದೂ ಬೈಬಲ್‌ನಲ್ಲೇ ಇದೆಯಾ ಮೇಡಂ?" ಎಂದರು. ಅಲ್ಲಿಯವರೆಗೆ ಅವರ ಪ್ರಾರ್ಥನೆಯಲ್ಲಿ ದೂರಿಗೆ ಜಾಗವೇ ಇರಲಿಲ್ಲ.

ಆತ್ಮಾವಲೋಕನ ಎಂದರೆ ತನ್ನನ್ನು ತಾನೇ ಬಯ್ದುಕೊಳ್ಳುವುದು ಎಂಬ ತಿಳಿವಳಿಕೆ ನಮ್ಮಲ್ಲಿ ಬೇರೂರಿದೆ. ನಲವತ್ತೆರಡನೆಯ ಕೀರ್ತನೆಗಾರನು ತನ್ನ ಮನಸ್ಸನ್ನು ಉದ್ದೇಶಿಸಿ ಏಕೆ ಇಷ್ಟು ಕುಗ್ಗಿರುವೆ ಎಂದು ಕೇಳುತ್ತಾನೆ. ನಲವತ್ತಮೂರನೆಯದನ್ನೂ ಸೇರಿಸಿಕೊಂಡರೆ ಅದೇ ಪ್ರಶ್ನೆ ಮೂರು ಸಾರಿ ಬರುತ್ತದೆ. ಆ ದನಿಯಲ್ಲಿ ಗದರಿಕೆಯಿಲ್ಲ, ಕಾಯಿಲೆಯವರ ಮಂಚದ ಬಳಿ ಕುಳಿತು ವಿಚಾರಿಸುವವರ ನಿಧಾನವಿದೆ. ಅದೇ ರೀತಿಯಲ್ಲಿ ಒಂದು ನೋಟ್‌ಪುಸ್ತಕ ಇಟ್ಟುಕೊಳ್ಳಲು ಹೇಳುತ್ತೇನೆ: ಏನು ನಡೆಯಿತು, ಅದರಲ್ಲಿ ಅವರು ಮಾಡಿದ್ದೇನು, ನಾನು ಮಾಡಿದ್ದೇನು. ಕೊನೆಯ ಎರಡನ್ನು ಬೇರೆಬೇರೆ ಹಾಳೆಯಲ್ಲಿ ಬರೆಯಬೇಕು, ಏಕೆಂದರೆ ಬಾಲ್ಯದಲ್ಲಿ ಪೆಟ್ಟು ತಿಂದವರಲ್ಲಿ ಇವೆರಡೂ ಕಲಸಿಹೋಗಿರುತ್ತವೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನಿಬೇಕರ್ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷದಂತೆ, ತಮ್ಮ ಬದುಕಿನ ಕಹಿ ಘಟನೆಯ ಬಗ್ಗೆ ಬರೆದರು. ಘಟನೆಯ ಜೊತೆಗೆ ಅದರ ಭಾವನೆಗಳನ್ನೂ ಬರೆದವರ ಮನಸ್ಸು ಬರೆದ ಕೂಡಲೇ ಇನ್ನಷ್ಟು ಭಾರವಾಯಿತು. ಮುಂದಿನ ತಿಂಗಳುಗಳಲ್ಲಿ ಮಾತ್ರ ಅವರು ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಮೊದಲ ದಿನವೇ ಹಗುರವಾಗದಿದ್ದರೆ ಹೆದರಬೇಡಿ ಎಂದು ನಾನು ಮುಂಚಿತವಾಗಿಯೇ ಹೇಳುವುದು ಇದರಿಂದಾಗಿ.

ಆದರೆ ಎಲ್ಲರಿಗೂ ಪುಸ್ತಕ ಕೊಡಲಾಗದು. 2018ರ ಆಗಸ್ಟ್‌ನ ಭೂಕುಸಿತದಲ್ಲಿ ಮನೆ ಕಳೆದುಕೊಂಡವರಲ್ಲಿ ಕೆಲವರಿಗೆ ಇಂದಿಗೂ ತಗಡಿನ ಮಾಡಿನ ಮೇಲೆ ಮಳೆ ಜೋರಾದರೆ ಎದೆ ಹೊಡೆದುಕೊಳ್ಳುತ್ತದೆ. ಅದನ್ನು ವಿಶ್ವಾಸದ ಕೊರತೆ ಎನ್ನುವವರೂ ಇದ್ದಾರೆ, ಹಾಗೆನ್ನುವುದು ತಪ್ಪು. ಸಾವನ್ನು ಬೇಡಿ ಗಿಡದ ಕೆಳಗೆ ಮಲಗಿದ ಪ್ರವಾದಿ ಎಲೀಯನಿಗೆ ದೇವದೂತನು ಉಪದೇಶ ಮಾಡಲಿಲ್ಲ. ಎರಡು ಸಾರಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟನು, ನಡುವೆ ನಿದ್ದೆ ಮಾಡಲು ಬಿಟ್ಟನು. ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದ ಸೆರೆಯಿಂದ ಬಂದ ಕ್ರೈಸ್ತರಿಗೆ ಕೊಡಗಿನ ದೊಡ್ಡ ವೀರರಾಜೇಂದ್ರ ಅರಸರು ನೆಲೆ ಕೊಟ್ಟದ್ದರಿಂದಲೇ 1792ರಲ್ಲಿ ವಿರಾಜಪೇಟೆಯ ಸಂತ ಅನ್ನಮ್ಮ ದೇವಾಲಯ ಆರಂಭವಾಯಿತು. ನಮ್ಮ ಹಿರಿಯರಿಗೂ ಮೊದಲು ಸಿಕ್ಕಿದ್ದು ಸೂರು. ವಾರಗಟ್ಟಲೆ ನಿದ್ದೆಯಿಲ್ಲದವರನ್ನು, ಸಾಯುವ ಮಾತಾಡುವವರನ್ನು, ಕುಡಿತ ಬಿಡಲಾಗದವರನ್ನು ನಾನು ನೇರವಾಗಿ ಮನೋವೈದ್ಯರ ಬಳಿಗೆ ಕಳುಹಿಸುತ್ತೇನೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಕರೆಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮಾತ್ರೆ ನುಂಗಿದರೆ ಪ್ರಾರ್ಥನೆ ಸೋತಂತೆ ಎಂದು ತಿಳಿಯಬೇಕಾಗಿಲ್ಲ.

ನೋಯಿಸಿದವರು ಇನ್ನೂ ಅದೇ ಮನೆಯಲ್ಲಿದ್ದರೆ ವಿಷಯವೇ ಬೇರೆ. ಹೊಡೆಯುವ ಗಂಡನನ್ನು ಕ್ಷಮಿಸಿ ಹೊಂದಿಕೊಂಡು ಹೋಗು ಎನ್ನುವ ಹಿರಿಯರಿಗೆ ನಾನು ಬೈಬಲ್‌ನ ಯೋಸೇಫನನ್ನು ನೆನಪಿಸುತ್ತೇನೆ. ಹಿಂದೆ ತನ್ನನ್ನು ಗುಲಾಮನಾಗಿ ಮಾರಿದ್ದ ಅಣ್ಣಂದಿರು ಎದುರಿಗೆ ಬಂದ ಕೂಡಲೇ ಅವನು ಅಪ್ಪಿಕೊಳ್ಳಲಿಲ್ಲ. ಸಿಮೆಯೋನನನ್ನು ಸೆರೆಯಲ್ಲಿಟ್ಟನು, ತಮ್ಮನ ಚೀಲದಲ್ಲಿ ಬೆಳ್ಳಿಯ ಪಾನಪಾತ್ರೆ ಇಡಿಸಿದನು, ಆ ತಮ್ಮನ ಬದಲಿಗೆ ತಾನು ಗುಲಾಮನಾಗುತ್ತೇನೆಂದು ಯೆಹೂದನು ಮುಂದೆ ಬಂದ ಮೇಲೆಯೇ ತಾನು ಯಾರೆಂದು ಹೇಳಿದನು. ಅವರು ಬದಲಾಗಿದ್ದಾರೆಂದು ಖಚಿತವಾಗುವವರೆಗೆ ಕಾದನು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ರಕ್ಷಣೆ ಕೇಳುವ ಹೆಂಗಸು ಕ್ಷಮೆಯ ಆಜ್ಞೆಯನ್ನು ಮೀರಿದಳು ಎಂದು ನನಗಂತೂ ಅನಿಸಿಲ್ಲ.

ಆ ಹೆಣ್ಣುಮಗಳು ಏಳೆಂಟು ತಿಂಗಳು ಬಂದರು. ತಂದೆಯ ಹಾಳೆ ತುಂಬಿದ ಮೇಲೆ ಅದನ್ನು ತಮ್ಮ ಊರಿನ ಫಾದರ್ ಒಬ್ಬರ ಎದುರು ಓದಿದರು. ಅವರು ಉಪದೇಶವನ್ನೇನೂ ಮಾಡದೆ ಪೂರ್ತಿ ಕೇಳಿಸಿಕೊಂಡರಂತೆ. ಆ ಹೆಣ್ಣುಮಗಳ ಸ್ವಂತ ಹಾಳೆಯಲ್ಲಿ ಕೊನೆಗೆ ಉಳಿದದ್ದು ಒಂದೇ ಸಾಲು, ತಂಗಿಗೆ ಪೆಟ್ಟು ಬೀಳುವಾಗ ತಾವು ಕಾಫಿ ಗಿಡಗಳ ನಡುವೆ ಅಡಗಿದ್ದು. ಆಗ ಅವರಿಗೆ ಒಂಬತ್ತು ವರ್ಷ. ಅದನ್ನು ತಂಗಿಗೆ ಫೋನ್ ಮಾಡಿ ಹೇಳಿದರು. "ನೀನು ಅಡಗಿದ್ದು ನನಗೆ ಗೊತ್ತಿತ್ತು ಅಕ್ಕ, ನೀನಾದರೂ ತಪ್ಪಿಸಿಕೊಂಡೆಯಲ್ಲ ಅಂದುಕೊಂಡಿದ್ದೆ" ಎಂದಳಂತೆ ತಂಗಿ. ಸಿಟ್ಟು ಪೂರ್ತಿ ಹೋಗಿಲ್ಲ, ಬಟವಾಡೆಯ ಸಂಜೆಗಳಲ್ಲಿ ಈಗಲೂ ತಲೆಯೆತ್ತುತ್ತದೆ. ಪಾಪನಿವೇದನೆಯಲ್ಲಿ ಮಾತ್ರ ಈಗ ಅಪ್ಪನ ವಿಷಯ ತೆಗೆಯುವುದಿಲ್ಲ ಎಂದರು.