ಪದ ಪರಿಚಯ: ವಾರಂಟಿ, ಪೆಟ್ರೋಲ್ ಮುಳ್ಳಿನ ನೆಪದಲ್ಲಿ

ಶಿರಾಡಿ ಘಾಟಿಗೆ ಇನ್ನು ಕೆಲವೇ ಕಿಲೋಮೀಟರ್ ಇದೆ ಎನ್ನುವಾಗ ನಮ್ಮ ಕಾರು ರಸ್ತೆಯ ಅಂಚಿನಲ್ಲಿ ನಿಂತುಬಿಟ್ಟಿತು. ಪೆಟ್ರೋಲಿನ ಮುಳ್ಳು ಆಗಲೂ ಕಾಲು ಟ್ಯಾಂಕಿನ ಗೆರೆಯ ಮೇಲೆಯೇ ಇತ್ತು. ಟ್ಯಾಂಕಿನಲ್ಲಿ ಮಾತ್ರ ಏನೂ ಉಳಿದಿರಲಿಲ್ಲ. ಕಾರು ಕೊಂಡು ಹದಿನಾಲ್ಕು ತಿಂಗಳಾಗಿತ್ತು, ವಾರಂಟಿಯೂ ಇತ್ತು. ಆದರೂ ಸರ್ವಿಸ್ ಸೆಂಟರಿನಲ್ಲಿ ಎರಡು ಸಲ ‘ಚೆಕ್ ಮಾಡಿದ್ದೇವೆ ಸರ್, ಎಲ್ಲ ನಾರ್ಮಲ್ ಇದೆ’ ಎಂಬ ಉತ್ತರ ಕೇಳಿಸಿಕೊಂಡು ಹಿಂದಿರುಗಿದ ಮೇಲೆ, ಮೂರನೆಯ ಸಲ ಬಿಡಿಭಾಗ ಬದಲಾಯಿತು. ಹಾಗೆ ಅಲೆದಾಡಿದ ದಿನಗಳಲ್ಲಿ ವಾರಂಟಿ ಎಂಬ ಪದದ ಬಗ್ಗೆ, ಅದರ ಹಿಂದಿರುವ ಕಾನೂನಿನ ಬಗ್ಗೆ, ಆ ಮುಳ್ಳಿನ ಬಗ್ಗೆ ಓದಿ ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ವಾರಂಟಿ ಮತ್ತು ಗ್ಯಾರಂಟಿ ಎರಡೂ ಒಂದೇ ಬೇರಿನ ಪದಗಳು. ಜರ್ಮಾನಿಕ್ ಮೂಲದ ಪದವೊಂದು ಫ್ರೆಂಚಿಗೆ ಬಂದಾಗ ಉತ್ತರದ ನಾರ್ಮನ್ ಆಡುನುಡಿ ಅದರ ಮೊದಲಿನ ವಕಾರವನ್ನು ಉಳಿಸಿಕೊಂಡಿತು, ಪ್ಯಾರಿಸ್ ಸುತ್ತಲಿನ ನುಡಿ ಅದನ್ನು ಗಕಾರವಾಗಿಸಿತು. ಇಂಗ್ಲಿಷ್ ಎರಡನ್ನೂ ಎರವಲು ಪಡೆಯಿತು. ಹಳಗನ್ನಡದ ‘ಪಾಲ್’ ಇಂದು ‘ಹಾಲು’ ಆಗಿರುವುದನ್ನು ಬಲ್ಲ ನಮಗೆ ಇಂತಹ ಧ್ವನಿ ಬದಲಾವಣೆ ಹೊಸದೇನಲ್ಲ. ನಮ್ಮ ಅಂಗಡಿ ಬೀದಿಗಳಲ್ಲಿ ಈ ಎರಡು ಪದಗಳಿಗೆ ಬೇರೆಯದೇ ಅರ್ಥ ನೆಲೆಗೊಂಡಿದೆ: ಗ್ಯಾರಂಟಿ ಎಂದರೆ ಕೆಟ್ಟ ವಸ್ತುವಿನ ಬದಲು ಹೊಸದನ್ನು ಕೊಡುವುದು, ವಾರಂಟಿ ಎಂದರೆ ರಿಪೇರಿ ಮಾಡಿಕೊಡುವುದು. ಇದು ವ್ಯಾಪಾರದ ರೂಢಿಯೇ ಹೊರತು ಕಾನೂನಿನ ಅರ್ಥವಲ್ಲ. 1872ರ ಕರಾರು ಅಧಿನಿಯಮದಲ್ಲಿ ಗ್ಯಾರಂಟಿ ಎಂಬುದು ಮೂವರ ನಡುವಿನ ಒಪ್ಪಂದ. ಒಬ್ಬನು ತನ್ನ ಮಾತಿಗೆ ತಪ್ಪಿದರೆ ಅವನ ಪರವಾಗಿ ಇನ್ನೊಬ್ಬನು ಹೊಣೆ ಹೊರುವುದು, ಅಂದರೆ ನಾವು ಬ್ಯಾಂಕಿನ ಸಾಲಕ್ಕೆ ಹಾಕುವ ಜಾಮೀನಿನಂಥದು. ಕಾರಿನ ವಿಷಯಕ್ಕೆ ಅದು ಸಂಬಂಧಿಸಿದ್ದಲ್ಲ.

ಕಾರಿಗೆ ಹತ್ತಿರವಾದದ್ದು 1930ರ ಸರಕು ಮಾರಾಟ ಅಧಿನಿಯಮದ 12ನೆಯ ಕಲಂ. ಅದು ಮಾರಾಟದ ಮಾತುಗಳನ್ನು ಷರತ್ತು ಮತ್ತು ವಾರಂಟಿ ಎಂದು ಎರಡಾಗಿ ವಿಂಗಡಿಸುತ್ತದೆ. ವ್ಯವಹಾರದ ಮುಖ್ಯ ಉದ್ದೇಶಕ್ಕೇ ಸೇರಿದ ಮಾತು ಷರತ್ತು. ಅದು ಮುರಿದರೆ ಕೊಂಡವರು ಒಪ್ಪಂದವನ್ನೇ ತಿರಸ್ಕರಿಸಬಹುದು. ಮುಖ್ಯ ಉದ್ದೇಶದ ಪಕ್ಕದಲ್ಲಿ ನಿಲ್ಲುವ ಮಾತು ವಾರಂಟಿ. ಅದು ಮುರಿದರೆ ನಷ್ಟಪರಿಹಾರ ಕೇಳಬಹುದು, ವಸ್ತುವನ್ನು ಹಿಂದಿರುಗಿಸಲಾಗದು. ಕಂಪನಿಯು ಕಾರಿನೊಂದಿಗೆ ಕೊಡುವ ಕಿರುಹೊತ್ತಗೆಯ ವಾರಂಟಿ ಇನ್ನೂ ನಿರ್ದಿಷ್ಟವಾದದ್ದು: ಇಷ್ಟು ವರ್ಷ ಅಥವಾ ಇಷ್ಟು ಕಿಲೋಮೀಟರ್, ಯಾವುದು ಮೊದಲೋ ಅಲ್ಲಿಯವರೆಗೆ, ತಯಾರಿಕೆಯಲ್ಲಿ ಅಥವಾ ಸಾಮಗ್ರಿಯಲ್ಲಿ ದೋಷವಿರುವ ಭಾಗವನ್ನು ದುರಸ್ತಿ ಮಾಡುತ್ತೇವೆ ಅಥವಾ ಬದಲಾಯಿಸುತ್ತೇವೆ ಎಂಬ ಲಿಖಿತ ಮಾತು. ಭಾಗವೊಂದು ಕೆಟ್ಟ ಮಾತ್ರಕ್ಕೆ ಇಡೀ ಕಾರನ್ನು ಬದಲಾಯಿಸುವ ಹೊಣೆ ಇದರಿಂದ ಹುಟ್ಟುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2006ರಲ್ಲಿ ಮಾರುತಿ ಉದ್ಯೋಗ್ ಕಂಪನಿಯ ಪ್ರಕರಣವೊಂದರಲ್ಲಿ ಸ್ಪಷ್ಟಪಡಿಸಿತು. ಆದುದರಿಂದ ಮುಳ್ಳು ಕೆಟ್ಟಿತೆಂದು ಹೊಸ ಕಾರು ಕೇಳುವುದು ಕಾನೂನಿನ ಮುಂದೆ ನಿಲ್ಲದ ಬೇಡಿಕೆ. ಆ ಭಾಗವನ್ನು ಸರಿಪಡಿಸಿಕೊಡಿ ಎಂದು ಕೇಳುವುದು ಪೂರ್ಣ ಹಕ್ಕಿನ ಬೇಡಿಕೆ.

ಹಾಗಾದರೆ ‘ಆ ಭಾಗ’ ಯಾವುದು? ಮುಳ್ಳು ಕಾಣುವುದು ಡ್ಯಾಶ್‌ಬೋರ್ಡಿನಲ್ಲಾದರೂ ಅಳತೆ ನಡೆಯುವುದು ಟ್ಯಾಂಕಿನೊಳಗೆ. ಮೆಕ್ಯಾನಿಕ್‌ಗಳು ಫ್ಲೋಟ್ ಎನ್ನುವ ತೇಲುವ ತುಂಡೊಂದು ತೆಳ್ಳನೆಯ ಕಂಬಿಯ ತುದಿಯಲ್ಲಿದ್ದು, ಪೆಟ್ರೋಲಿನ ಮಟ್ಟದೊಂದಿಗೆ ಏರಿಳಿಯುತ್ತದೆ. ಕಂಬಿಯ ಇನ್ನೊಂದು ತುದಿಯು ವಿದ್ಯುತ್ ರೋಧದ ಪಟ್ಟಿಯೊಂದರ ಮೇಲೆ ಉಜ್ಜಿಕೊಂಡು ಸರಿಯುತ್ತದೆ. ಫ್ಲೋಟ್ ಎಲ್ಲಿದೆಯೋ ಅದಕ್ಕೆ ತಕ್ಕಂತೆ ರೋಧ ಹೆಚ್ಚು ಕಡಿಮೆಯಾಗುತ್ತದೆ, ಆ ರೋಧವನ್ನು ಕಾರಿನ ವ್ಯವಸ್ಥೆ ಓದಿ ಮುಳ್ಳನ್ನೋ ಗೆರೆಗಳನ್ನೋ ನಡೆಸುತ್ತದೆ. ಈ ಜೋಡಣೆಗೆ ಸೆಂಡರ್ ಯೂನಿಟ್ ಎಂದು ಹೆಸರು. ಇಂದಿನ ಬಹುತೇಕ ಪೆಟ್ರೋಲ್ ಕಾರುಗಳಲ್ಲಿ ಇದು ಟ್ಯಾಂಕಿನೊಳಗಿನ ಇಂಧನ ಪಂಪಿಗೇ ಅಂಟಿಕೊಂಡಿರುತ್ತದೆ. ದಿನವೂ ಉಜ್ಜಿ ಪಟ್ಟಿ ಸವೆಯಬಹುದು. ಇಂಧನದಲ್ಲಿರುವ ಗಂಧಕದ ಅಂಶ ಬೆಳ್ಳಿಯ ಸಂಪರ್ಕಬಿಂದುಗಳ ಮೇಲೆ ಕಪ್ಪು ಪೊರೆ ಕಟ್ಟಬಹುದು. ದೇವರ ಮನೆಯ ಬೆಳ್ಳಿ ದೀಪ ಕಪ್ಪಾಗುವುದೂ ಇದೇ ಕ್ರಿಯೆಯಿಂದ. ಕಂಬಿ ಬಾಗಬಹುದು, ಫ್ಲೋಟ್ ಸೋರಿ ಮುಳುಗಬಹುದು, ಟ್ಯಾಂಕಿನ ಮೇಲಿನ ಕನೆಕ್ಟರ್ ತುಕ್ಕು ಹಿಡಿಯಬಹುದು, ಅರ್ಥ್ ತಂತಿ ಸಡಿಲವಾಗಬಹುದು, ಅಥವಾ ಮೀಟರ್ ಬೋರ್ಡೇ ಕೆಟ್ಟಿರಬಹುದು. ಸವೆತ, ಪೊರೆ, ಸಡಿಲ ತಂತಿ ಈ ಮೂರರಲ್ಲೂ ದೋಷ ಒಮ್ಮೆ ಕಾಣಿಸಿಕೊಂಡು ಒಮ್ಮೆ ಮರೆಯಾಗುತ್ತದೆ. ತೊಡಕು ಹುಟ್ಟುವುದು ಅಲ್ಲಿಯೇ.

ಮುಳ್ಳಿನ ಎಲ್ಲ ವಿಚಿತ್ರ ನಡವಳಿಕೆಯೂ ದೋಷವಲ್ಲ ಎಂಬುದನ್ನು ನ್ಯಾಯವಾಗಿ ಒಪ್ಪಿಕೊಳ್ಳಬೇಕು. ಟ್ಯಾಂಕು ಚೌಕಾಕಾರದ ಡಬ್ಬವಲ್ಲ; ಸೀಟು, ಆಕ್ಸಲ್, ಸೈಲೆನ್ಸರ್ ಕೊಳವೆಗಳ ನಡುವೆ ಸಿಕ್ಕ ಜಾಗಕ್ಕೆ ತಕ್ಕಂತೆ ಅದರ ಆಕಾರ ಅಂಕುಡೊಂಕಾಗಿರುತ್ತದೆ. ಆದ್ದರಿಂದ ಫುಲ್ ಟ್ಯಾಂಕಿನ ಮೊದಲ ಗೆರೆ ಬಹಳ ದೂರದವರೆಗೆ ಇಳಿಯದೆ, ಕೊನೆಯ ಗೆರೆಗಳು ಬೇಗ ಇಳಿಯುವುದು ಸಾಮಾನ್ಯ. ಘಾಟಿಯ ಏರಿನಲ್ಲಿ ಇಂಧನ ಒಂದು ಬದಿಗೆ ಸರಿದಾಗ ಅಳತೆ ವ್ಯತ್ಯಾಸವಾಗುತ್ತದೆ. ತುಳುಕಾಟಕ್ಕೆಲ್ಲ ಮುಳ್ಳು ಕುಣಿಯದಿರಲೆಂದು ವ್ಯವಸ್ಥೆಯೇ ಅಳತೆಯನ್ನು ಸರಾಸರಿ ಮಾಡಿ ನಿಧಾನವಾಗಿ ತೋರಿಸುತ್ತದೆ. ಇನ್ನೆಷ್ಟು ಕಿಲೋಮೀಟರ್ ಓಡಬಹುದೆಂದು ತೋರಿಸುವ ಅಂಕಿಯು ಇತ್ತೀಚಿನ ಮೈಲೇಜನ್ನು ಆಧರಿಸಿದ ಅಂದಾಜು ಮಾತ್ರ. ಆದರೆ ಸಮತಟ್ಟಾದ ನೆಲದಲ್ಲಿ ಟ್ಯಾಂಕು ತುಂಬಿಸಿದ ಮೇಲೂ ಮುಳ್ಳು ಅರ್ಧಕ್ಕೇ ನಿಂತರೆ, ಓಡುತ್ತಿರುವಾಗ ಒಮ್ಮೆಲೇ ಖಾಲಿಗೆ ಬಿದ್ದು ಮತ್ತೆ ಏರಿದರೆ, ರಿಸರ್ವ್ ದೀಪ ಬೆಳಗದೆಯೇ ಎಂಜಿನ್ ನಿಂತರೆ ಅದು ದೋಷವೇ. ಟ್ಯಾಂಕಿನೊಳಗಿನ ವಿದ್ಯುತ್ ಪಂಪು ತಂಪಾಗಿರುವುದು ಸುತ್ತಲಿನ ಪೆಟ್ರೋಲಿನಿಂದಲೇ ಆದ್ದರಿಂದ, ತಪ್ಪು ತೋರುವ ಮುಳ್ಳನ್ನು ನಂಬಿ ಮತ್ತೆ ಮತ್ತೆ ಟ್ಯಾಂಕನ್ನು ಬರಿದು ಮಾಡಿದರೆ ಪಂಪಿನ ಆಯಸ್ಸೂ ಕುಗ್ಗುತ್ತದೆ. ಇದನ್ನು ಸಣ್ಣ ತೊಂದರೆಯೆಂದು ಮುಂದೂಡಬಾರದೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ಸರ್ವಿಸ್ ಸೆಂಟರಿನ ಅಂಗಳದಲ್ಲಿ ಆ ಹೊತ್ತಿಗೆ ದೋಷ ಕಾಣಿಸದಿದ್ದರೆ ‘ನಾರ್ಮಲ್’ ಎಂಬ ಉತ್ತರ ಬರುವುದು ಸಹಜ, ಅದರಲ್ಲಿ ಯಾವಾಗಲೂ ದುರುದ್ದೇಶವಿರುತ್ತದೆಂದು ನಾನು ಹೇಳಲಾರೆ. ಆದರೆ ವಾರಂಟಿಯ ಮಾತು ಲಿಖಿತವಾದದ್ದು, ಆದ್ದರಿಂದ ನಮ್ಮ ದೂರೂ ಲಿಖಿತವಾಗಿರಬೇಕು. ಕಾರನ್ನು ಒಪ್ಪಿಸುವಾಗ ನಮ್ಮ ದೂರನ್ನು ಬರೆದುಕೊಳ್ಳುವ ಹಾಳೆಯಾದ ಜಾಬ್ ಕಾರ್ಡಿನಲ್ಲಿ ‘ಜನರಲ್ ಚೆಕಪ್’ ಎಂದು ಬರೆಯಲು ಬಿಡದೆ, ‘ಫುಲ್ ಟ್ಯಾಂಕ್ ಮಾಡಿದ ಮೇಲೂ ಮುಳ್ಳು ಅರ್ಧ ತೋರಿಸುತ್ತದೆ’ ಎಂದು ನಮ್ಮ ಮಾತಿನಲ್ಲೇ ಬರೆಸಿ, ಓಡೋಮೀಟರಿನ ಅಂಕಿ ಮತ್ತು ದಿನಾಂಕ ಸೇರಿಸಿ, ಪ್ರತಿಯನ್ನು ಕೇಳಿ ಪಡೆಯಬೇಕು. ಪ್ರತಿ ಭೇಟಿಗೂ ಒಂದು ಜಾಬ್ ಕಾರ್ಡ್ ಇರಬೇಕು. ಸರ್ವಿಸ್ ಅಡ್ವೈಸರ್ ಬಾಯಿಮಾತಿನಲ್ಲಿ ‘ಮುಂದಿನ ಸರ್ವಿಸ್‌ನಲ್ಲಿ ನೋಡೋಣ’ ಎಂದರೆ ಆ ಭೇಟಿ ದಾಖಲೆಯಲ್ಲಿ ಇಲ್ಲವೇ ಇಲ್ಲ. ಮುಳ್ಳು ಬೀಳುವುದನ್ನು ಪಕ್ಕದಲ್ಲಿ ಕುಳಿತವರು ಮೊಬೈಲಿನಲ್ಲಿ ಚಿತ್ರೀಕರಿಸಿದರೆ ಅದು ಒಳ್ಳೆಯ ಸಾಕ್ಷಿ. ಬಂಕಿನ ಪಂಪು ತಾನಾಗಿ ನಿಲ್ಲುವವರೆಗೆ ತುಂಬಿಸಿ, ಬಿಲ್ಲು ಇಟ್ಟುಕೊಂಡು, ಟ್ರಿಪ್ ಮೀಟರನ್ನು ಸೊನ್ನೆಗೆ ತಂದು ಮುಳ್ಳಿನ ಫೋಟೊ ತೆಗೆದಿಡುವುದನ್ನು ಎರಡು ಮೂರು ಸಲ ಮಾಡಿದರೆ ವಾದಕ್ಕೆ ಜಾಗವಿರುವುದಿಲ್ಲ. ಬಂಕಿನ ಅಳತೆಯ ಮೇಲೆಯೇ ಸಂಶಯವಿದ್ದರೆ, 5 ಲೀಟರಿನ ಮುದ್ರೆಯ ಅಳತೆಪಾತ್ರೆಯಲ್ಲಿ ಅಳೆದು ತೋರಿಸಿ ಎಂದು ಕೇಳುವ ಹಕ್ಕು ಪ್ರತಿಯೊಬ್ಬ ಗ್ರಾಹಕರಿಗೂ ಇದೆ. ಸ್ಕ್ಯಾನರ್ ಜೋಡಿಸಿ ದೋಷಸಂಕೇತಗಳನ್ನು ನೋಡಲು ಹೇಳುವುದೂ ಅಗತ್ಯ: ಪಿ0460ರಿಂದ ಪಿ0464ರವರೆಗಿನ ಸಂಕೇತಗಳು ಇಂಧನ ಮಟ್ಟದ ಸೆನ್ಸರಿಗೆ ಮೀಸಲಾದವು, ಅವುಗಳಲ್ಲಿ ಪಿ0464 ಬಂದು ಹೋಗುವ ದೋಷದ ಸಂಕೇತ. ಸಂಕೇತ ಸಿಕ್ಕರೆ ಅದನ್ನೂ ಜಾಬ್ ಕಾರ್ಡಿನಲ್ಲಿ ಬರೆಸಬೇಕು.

ವಾರಂಟಿ ನಿರಾಕರಿಸಲು ಸಾಮಾನ್ಯವಾಗಿ ಹೇಳುವ ಕಾರಣಗಳು ಕಲಬೆರಕೆ ಇಂಧನ, ಅಪಘಾತ, ನೀರು ನುಗ್ಗಿದ್ದು, ಹೊರಗಡೆ ಹಾಕಿಸಿದ ಸ್ಟೀರಿಯೊ ಅಥವಾ ದೀಪಕ್ಕಾಗಿ ತಂತಿ ಕತ್ತರಿಸಿದ್ದು. ಬ್ರೇಕ್ ಪ್ಯಾಡ್, ವೈಪರ್ ರಬ್ಬರಿನಂತಹ, ವಾರಂಟಿಗೆ ಸೇರದ ಸವೆಯುವ ಭಾಗಗಳ ಪಟ್ಟಿಯೂ ಕಿರುಹೊತ್ತಗೆಯಲ್ಲಿ ಇರುತ್ತದೆ. ಸೆಂಡರ್ ಯೂನಿಟ್ ಆ ಪಟ್ಟಿಯಲ್ಲಿದೆಯೇ ಎಂದು ಓದಿ ನೋಡಿದರೆ ಅರ್ಧ ವಾದ ಅಲ್ಲಿಯೇ ಮುಗಿಯುತ್ತದೆ. ನಿರಾಕರಿಸುವವರು ಕಾರಣವನ್ನು ಬರೆದು ಕೊಡಲಿ ಎಂದು ಕೇಳಬೇಕು. ತಂತಿ ಕತ್ತರಿಸಿದ್ದು ಸ್ಟೀರಿಯೊದ ಬಳಿಯಾದರೆ ಟ್ಯಾಂಕಿನೊಳಗಿನ ರೋಧದ ಪಟ್ಟಿ ಅದರಿಂದ ಹೇಗೆ ಸವೆಯಿತೆಂದು ಬರೆಯುವುದು ಯಾರಿಗೂ ಸುಲಭವಲ್ಲ.

ಅಷ್ಟಾದರೂ ಕೆಲಸವಾಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವಿದೆ. ಅದು 2020ರ ಜುಲೈ 20ರಂದು ಜಾರಿಗೆ ಬಂತು. ಕಾನೂನಿನ ಪ್ರಕಾರವಾಗಲಿ, ಒಪ್ಪಂದದ ಪ್ರಕಾರವಾಗಲಿ, ಮಾರುವವರೇ ಹೇಳಿಕೊಂಡ ಪ್ರಕಾರವಾಗಲಿ ಸರಕಿಗೆ ಇರಬೇಕಾದ ಗುಣಮಟ್ಟದಲ್ಲಿ ಕಂಡುಬರುವ ಯಾವುದೇ ಕುಂದನ್ನು ಅದು ದೋಷವೆನ್ನುತ್ತದೆ; ಸೇವೆಯಲ್ಲಿನ ಕುಂದನ್ನು ನ್ಯೂನತೆಯೆಂದು ಬೇರೆಯಾಗಿ ಗುರುತಿಸುತ್ತದೆ. ಸೆಂಡರ್ ಯೂನಿಟ್ ಕೆಟ್ಟದ್ದು ದೋಷ, ಮೂರು ಸಲ ಹೋದರೂ ಅದನ್ನು ಸರಿಯಾಗಿ ಪರೀಕ್ಷಿಸದಿದ್ದದ್ದು ನ್ಯೂನತೆ. ಎರಡಕ್ಕೂ ದೂರು ಕೊಡಬಹುದು. ಸ್ಪಷ್ಟವಾಗಿ ಕೊಟ್ಟ ವಾರಂಟಿಗೆ ತಕ್ಕಂತೆ ಸರಕು ಇಲ್ಲದಿದ್ದರೆ, ತಾನು ನಿರ್ಲಕ್ಷ್ಯ ತೋರಿಲ್ಲವೆಂದು ರುಜುವಾತು ಮಾಡಿದರೂ ತಯಾರಕನ ಹೊಣೆ ತಪ್ಪುವುದಿಲ್ಲ ಎನ್ನುತ್ತದೆ 84ನೆಯ ಕಲಂ. 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿದರೆ ಎಷ್ಟೋ ದೂರುಗಳು ಗ್ರಾಹಕ ಆಯೋಗದ ಮೆಟ್ಟಿಲೇರುವ ಮೊದಲೇ ಇತ್ಯರ್ಥವಾಗುತ್ತವೆ. ಇಲ್ಲವಾದರೆ ಕೊಟ್ಟ ಬೆಲೆ 50 ಲಕ್ಷ ರೂಪಾಯಿಯವರೆಗಿನ ಕಾರಿನ ದೂರು ಜಿಲ್ಲಾ ಆಯೋಗಕ್ಕೆ ಸೇರುತ್ತದೆ, ಅದನ್ನು ದೂರುದಾರರು ವಾಸಿಸುವ ಊರಿನ ಜಿಲ್ಲೆಯಲ್ಲಿಯೇ ಸಲ್ಲಿಸಬಹುದು. 5 ಲಕ್ಷದವರೆಗೆ ಶುಲ್ಕವಿಲ್ಲ. 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400 ರೂಪಾಯಿ. ವ್ಯಾಜ್ಯಕಾರಣ, ಅಂದರೆ ದೂರಿಗೆ ಕಾರಣವಾದ ಸಂಗತಿ, ಹುಟ್ಟಿದ ಎರಡು ವರ್ಷದೊಳಗೆ ದೂರು ಸಲ್ಲಬೇಕು. ದೋಷವಿದೆಯೆಂದು ತೋರಿಸುವ ಹೊರೆ ದೂರುದಾರರದು, ಆಗ ಮೇಲೆ ಹೇಳಿದ ಜಾಬ್ ಕಾರ್ಡುಗಳ ಬೆಲೆ ತಿಳಿಯುತ್ತದೆ.

ವಾರಂಟಿಯೊಂದಿಗೆ ಬೆರೆಸಬಾರದ ಇನ್ನೊಂದು ಪದ ರೀಕಾಲ್. ಮಾರುತಿ ಸುಜುಕಿ 2025ರ ನವೆಂಬರಿನಲ್ಲಿ 39,506 ಗ್ರ್ಯಾಂಡ್ ವಿಟಾರಾ ಕಾರುಗಳನ್ನು ಹಿಂದಕ್ಕೆ ಕರೆಸಿಕೊಳ್ಳುವುದಾಗಿ ಪ್ರಕಟಿಸಿತು. ಸ್ಪೀಡೋಮೀಟರ್ ಜೋಡಣೆಯಲ್ಲಿರುವ ಇಂಧನ ಮಟ್ಟದ ಸೂಚಕ ಮತ್ತು ಎಚ್ಚರಿಕೆಯ ದೀಪ ನಿಖರವಾಗಿ ತೋರಿಸದಿರಬಹುದೆಂಬುದು ಕಾರಣ. ವಾರಂಟಿಯಲ್ಲಿ ತನ್ನ ಕಾರಿನಲ್ಲಿ ದೋಷವಿದೆಯೆಂದು ಮಾಲೀಕರು ಹೇಳಬೇಕು. ರೀಕಾಲಿನಲ್ಲಿ ಒಂದು ಗುಂಪಿನ ಕಾರುಗಳಲ್ಲೇ ದೋಷವಿರಬಹುದೆಂದು ಕಂಪನಿಯೇ ಹೇಳುತ್ತದೆ, ಲಕ್ಷಣ ಕಾಣಿಸಿಕೊಳ್ಳದ ಕಾರನ್ನೂ ಪರೀಕ್ಷಿಸುತ್ತದೆ. ಆದುದರಿಂದ ಮುಳ್ಳಿನ ತೊಂದರೆ ಎದುರಾದವರು ಮೊದಲು ತಮ್ಮ ಕಾರಿನ ಚಾಸಿಸ್ ನಂಬರನ್ನು ಕಂಪನಿಯ ಜಾಲತಾಣದ ರೀಕಾಲ್ ಪುಟದಲ್ಲಿ ಹಾಕಿ ನೋಡುವುದು ಒಳ್ಳೆಯದು.

ಕೊನೆಗೆ ಭಾಗ ಬದಲಾದ ದಿನ ಗಮನಿಸಬೇಕಾದ ಎರಡು ಸಂಗತಿಗಳಿವೆ. ವಾರಂಟಿಯಲ್ಲಿ ಹಾಕಿದ ಹೊಸ ಭಾಗಕ್ಕೆ ಸಾಮಾನ್ಯವಾಗಿ ಹೊಸ ಅವಧಿ ಸಿಗುವುದಿಲ್ಲ, ಮೂಲ ವಾರಂಟಿಯಲ್ಲಿ ಉಳಿದ ಕಾಲವಷ್ಟೇ ಅದರದು. ಹೀಗಾಗಿ ಸರ್ವಿಸ್ ಸೆಂಟರಿನಿಂದ ನೇರವಾಗಿ ಬಂಕಿಗೆ ಹೋಗಿ ಟ್ಯಾಂಕು ತುಂಬಿಸಿ, ಮುಳ್ಳು ತುದಿ ಮುಟ್ಟುವುದೇ ಎಂದು ಅಂದೇ ನೋಡಬೇಕು. ಬದಲಾದದ್ದು ಟ್ಯಾಂಕಿನ ಸೆಂಡರ್ ಅಲ್ಲದೆ ಮೀಟರ್ ಬೋರ್ಡ್ ಆಗಿದ್ದರೆ, ಅದರೊಂದಿಗೆ ಓಡೋಮೀಟರ್ ಕೂಡ ಬದಲಾಗಿರುತ್ತದೆ. ಹಳೆಯ ಬೋರ್ಡಿನ ಕಿಲೋಮೀಟರ್ ಅಂಕಿಯನ್ನು ಹೊಸದಕ್ಕೆ ದಾಟಿಸಿದ್ದಾರೆಯೇ ಎಂದು ನೋಡಿ, ಬದಲಾಯಿಸಿದ ದಿನದ ಅಂಕಿಯನ್ನು ಸರ್ವಿಸ್ ಪುಸ್ತಕದಲ್ಲಿ ಮೊಹರಿನೊಂದಿಗೆ ಬರೆಸಿಕೊಳ್ಳಬೇಕು. ಉಳಿದ ವಾರಂಟಿಯ ಲೆಕ್ಕಕ್ಕೂ, ಮುಂದೆಂದಾದರೂ ಕಾರನ್ನು ಮಾರುವಾಗ ಕೊಳ್ಳುವವರ ಸಂಶಯಕ್ಕೂ ಆ ಒಂದು ಸಾಲೇ ಉತ್ತರ.