ಟೈರ್ ಬಿಟ್ಟು ಬರುವ ಮುಂಚೆ ಒಂದು ಚೀಟಿ

ಗ್ರಾಹಕ ಆಯೋಗದಲ್ಲಿ ಕೇಸ್ ನಡೆಸುವ ವಕೀಲ ನಾನು. ಕಾರಿನ ಟೈರ್ ಹಾಳಾಯ್ತು ಅಂತ ಬರುವವರೆಲ್ಲ ಹೆಚ್ಚೂಕಡಿಮೆ ಒಂದೇ ಥರ ಬರುತ್ತಾರೆ. ಮೊಬೈಲ್ ತುಂಬ ಉಬ್ಬಿದ ಟೈರಿನ ಫೋಟೊ. ಅಂಗಡಿಯವನ ಜೊತೆ ಆಡಿದ ಜಗಳದ ವಾಟ್ಸಾಪ್. ಮುಖದಲ್ಲಿ ಸಿಟ್ಟು. ನಾನು ಮೊದಲು ಕೇಳುವುದು, "ಟೈರ್ ಎಲ್ಲಿದೆ?"

"ಅಂಗಡೀಲೇ ಬಿಟ್ಟು ಬಂದೆ ಸರ್. ಕಂಪನಿಯವರು ಬಂದು ನೋಡ್ತಾರಂತೆ."

"ಬಿಟ್ಟಿದ್ದಕ್ಕೆ ಚೀಟಿ ಕೊಟ್ಟಿದ್ದಾರಾ?"

"ಇಲ್ಲ ಸರ್, ಪರಿಚಯದವರೇ."

ಇನ್ನು ಕೆಲವರು ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಹೊಸ ಟೈರ್ ಹಾಕಿಸಿಕೊಂಡು, ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಟ್ಟು, ಬಿಲ್ಲಿನಲ್ಲಿ ನಾನೂರೋ ಐನೂರೋ ಕಡಿಮೆ ಮಾಡಿಸಿಕೊಂಡು ಬಂದಿರುತ್ತಾರೆ. ಆಮೇಲೆ ನನ್ನ ಮುಂದೆ ಕೂತು, "ಐವತ್ತು ಸಾವಿರ ಪರಿಹಾರ ಕೇಳೋಣ ಸರ್" ಅನ್ನುತ್ತಾರೆ. ಸ್ವಾಮಿ, ಐನೂರು ರೂಪಾಯಿಗೆ ನೀವು ಮಾರಿದ್ದು ಟೈರನ್ನಲ್ಲ, ಕೇಸನ್ನು.

ಬಿಲ್ ಇಟ್ಟುಕೊಳ್ಳಿ, ವಾರಂಟಿ ಕಾರ್ಡ್ ಇಟ್ಟುಕೊಳ್ಳಿ ಅಂತ ಇಲ್ಲಿ ಹೇಳಲು ಹೋಗುವುದಿಲ್ಲ. ಅದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು, ಅಥವಾ ಎಷ್ಟು ಹೇಳಿದರೂ ತಲೆಗೆ ಹೋಗದ್ದು ಒಂದೇ. ಟೈರ್ ಕೇಸಿನಲ್ಲಿ ಟೈರೇ ಸಾಕ್ಷಿ. ಫೋಟೊ ಅಲ್ಲ.

ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಟೈರಿನ ಪಕ್ಕದಲ್ಲಿ ನಿಂಬೆಹಣ್ಣಿನ ಗಾತ್ರದ ಗುಳ್ಳೆ ಎದ್ದಿದೆ ಅಂದುಕೊಳ್ಳಿ. ಫೋಟೊದಲ್ಲಿ ಗುಳ್ಳೆ ಕಾಣುತ್ತದೆ. ಯಾಕೆ ಎದ್ದಿತು ಅನ್ನುವುದು ಕಾಣುವುದಿಲ್ಲ. ಪಕ್ಕದ ರಬ್ಬರಿನ ಒಳಗೆ ದಾರದ ಪದರ ಇರುತ್ತದೆ. ಗಾಳಿಯ ಒತ್ತಡ ತಡೆಯುವುದು ಅದೇ. ಕಾರು ಗುಂಡಿಗೆ ಇಳಿದಾಗ ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಟೈರ್ ಸಿಕ್ಕಿ ಜಜ್ಜಿದರೆ ಆ ದಾರಗಳು ಹರಿಯುತ್ತವೆ. ರಬ್ಬರ್ ಮಾತ್ರ ಹಾಗೇ ಇರುತ್ತದೆ. ದಾರ ಹರಿದ ಕಡೆ ಗಾಳಿ ರಬ್ಬರನ್ನು ಹೊರಕ್ಕೆ ತಳ್ಳುತ್ತದೆ. ತಯಾರಿಯಲ್ಲೇ ಪದರ ಸರಿಯಾಗಿ ಅಂಟದೆ ಬಿಟ್ಟುಕೊಂಡಿದ್ದರೂ ಹೊರಗೆ ಕಾಣುವುದು ಅಂಥದ್ದೇ ಗುಳ್ಳೆ. ಎರಡರಲ್ಲಿ ಯಾವುದು ಅಂತ ತಿಳಿಯಲು ಟೈರನ್ನು ರಿಮ್ಮಿನಿಂದ ಬಿಚ್ಚಿ ಒಳಮೈ ನೋಡಬೇಕು. ಒಳಗೆ ಜಜ್ಜಿದ ಗುರುತು ಇದೆಯಾ, ರಿಮ್ಮಿನ ಅಂಚು ಬಗ್ಗಿದೆಯಾ ಅಂತ ನೋಡಬೇಕು. ಕೆಲವೊಮ್ಮೆ ಕತ್ತರಿಸಿಯೇ ನೋಡಬೇಕಾಗುತ್ತದೆ. ಮೊಬೈಲ್ ಫೋಟೊವನ್ನು ಕತ್ತರಿಸಿ ನೋಡಲು ಆಗಲ್ಲ ಅಲ್ವಾ?

ಕಾನೂನೂ ಇದನ್ನೇ ಹೇಳುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕಲಂ 38ರ ಪ್ರಕಾರ, ಪರೀಕ್ಷೆ ಮಾಡದೆ ದೋಷ ತಿಳಿಯದ ವಸ್ತುವಾದರೆ ಆಯೋಗ ಅದರ ಮಾದರಿ ತೆಗೆಸಿ, ಸೀಲ್ ಮಾಡಿಸಿ, ಪ್ರಯೋಗಾಲಯಕ್ಕೆ ಕಳಿಸುತ್ತದೆ. 45 ದಿನದಲ್ಲಿ ವರದಿ ಬರಬೇಕು. ಸೀಲ್ ಮಾಡಲು ಟೈರೇ ಇಲ್ಲದಿದ್ದರೆ ಕಳಿಸುವುದೇನನ್ನು? ಎದುರುದಾರರ ವಕೀಲರು ಒಂದೇ ಮಾತು ಹೇಳಿ ಕೂರುತ್ತಾರೆ: ದೋಷ ಸಾಬೀತಾಗಿಲ್ಲ.

ಹಾಗಂತ ಅಂಗಡಿಗೆ ಟೈರ್ ಕೊಡಲೇಬೇಡಿ ಅನ್ನುತ್ತಿಲ್ಲ. ಕೊಡಲೇಬೇಕು. ಕಂಪನಿಯ ತಪಾಸಣೆಯವರು ನೋಡದೆ ಕ್ಲೇಮ್ ಆಗುವುದಿಲ್ಲ. ಕೊಡುವಾಗ ಒಂದು ಚೀಟಿ ಬರೆಸಿಕೊಳ್ಳಿ. ಅದರಲ್ಲಿ ಟೈರಿನ ಸೀರಿಯಲ್ ನಂಬರ್ ಪೂರ್ತಿ ಇರಬೇಕು. ನಂಬರಿನ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. 2323 ಅಂದರೆ 2023ರ 23ನೇ ವಾರ. ಎಷ್ಟೋ ಟೈರಿನಲ್ಲಿ ಈ ನಾಲ್ಕು ಅಂಕಿ ಒಂದೇ ಪಕ್ಕದಲ್ಲಿರುತ್ತವೆ. ಆ ಪಕ್ಕ ಕಾರಿನ ಅಡಿಭಾಗದ ಕಡೆಗೆ ತಿರುಗಿದ್ದರೆ ಹೊರಗಿನಿಂದ ಕಾಣುವುದಿಲ್ಲ. ಟೈರ್ ಬಿಚ್ಚಿದಾಗ ಬಗ್ಗಿ ನೋಡಿ ಬರೆದುಕೊಳ್ಳಿ.

ಅರಸೀಕೆರೆ ಕಡೆಯ ಒಬ್ಬರು ರಿಟೈರ್ಡ್ ಮೇಷ್ಟ್ರು ಇದನ್ನು ಯಾರೂ ಹೇಳಿಕೊಡದೆಯೇ ಮಾಡಿದ್ದರು. ಅಂಗಡಿಯ ಹುಡುಗ, "ಏನ್ ಮೇಷ್ಟ್ರೇ, ನಮ್ಮ ಮೇಲೆ ನಂಬಿಕೆ ಇಲ್ವಾ" ಅಂದನಂತೆ. "ನಿನ್ನ ಮೇಲೆ ಇದೆ ಕಣಪ್ಪ, ನನ್ನ ನೆನಪಿನ ಮೇಲೆ ಇಲ್ಲ, ಬರ್ಕೊಡು" ಅಂತ ಬಿಲ್ಲಿನ ಹಿಂದೆಯೇ ನಂಬರ್ ಬರೆಸಿ, ಅಂಗಡಿ ಸೀಲ್ ಹೊಡೆಸಿಕೊಂಡು ಬಂದಿದ್ದರು. ಕೆಲವು ವಾರ ಬಿಟ್ಟು "ಏಟು ಬಿದ್ದಿದೆ, ಕ್ಲೇಮ್ ಆಗಲ್ಲ" ಅಂತ ಟೈರ್ ವಾಪಸ್ ಬಂತು. ಮೇಷ್ಟ್ರು ಕನ್ನಡಕ ಹಾಕಿಕೊಂಡು ನೋಡಿದರೆ ನಂಬರೇ ಬೇರೆ! ಮೋಸ ಅಂತ ನಾನು ಹೇಳುವುದಿಲ್ಲ. ಆ ಗೋಡೌನ್ ನೋಡಿದ್ದೇನೆ, ಟೈರಿನ ರಾಶಿಯಲ್ಲಿ ಯಾರದ್ದು ಯಾವುದೋ ದೇವರೇ ಬಲ್ಲ. ಅಂಗಡಿ ಯಜಮಾನರೇ ನಾಚಿಕೊಂಡು ಹುಡುಕಿಸಿ, ಮೇಷ್ಟ್ರ ಟೈರನ್ನು ಮತ್ತೆ ತಪಾಸಣೆಗೆ ಇಟ್ಟರು. ಕ್ಲೇಮ್ ಪಾಸಾಯಿತು. ನನ್ನ ನೋಟಿಸ್ ಟೈಪಾಗಿ ಮೇಜಿನ ಮೇಲೇ ಉಳಿಯಿತು.

ಪಾಸಾದ ಮೇಲೆ ಮೇಷ್ಟ್ರಿಗೆ ಇನ್ನೊಂದು ಬೇಸರ. ಹೊಸ ಟೈರ್ ಪುಕ್ಕಟೆ ಸಿಗಲಿಲ್ಲ, ಅರ್ಧ ದುಡ್ಡು ಕೇಳಿದರು. ಅದು ಸಾಮಾನ್ಯ. ಎಷ್ಟು ಸವೆದಿದೆಯೋ ಅಷ್ಟನ್ನು ನೀವು ಬಳಸಿದ್ದೀರಿ ಅನ್ನುವ ಲೆಕ್ಕ. ಹೊಸದರಲ್ಲಿ ಗೀರಿನ ಆಳ 8 ಮಿ.ಮೀ. ಇತ್ತು ಅನ್ನಿ. 1.6 ಮಿ.ಮೀ.ಗೆ ಬಂದರೆ ಟೈರಿನ ಆಯುಸ್ಸು ಮುಗಿದ ಹಾಗೆ. ನಡುವಿನ 6.4ರಲ್ಲಿ 3.2 ಸವೆದಿದ್ದರೆ ಅರ್ಧ ಬೆಲೆ ನಿಮ್ಮದು. ಷರತ್ತು ಕಂಪನಿಯಿಂದ ಕಂಪನಿಗೆ ಬೇರೆ ಇರುತ್ತದೆ, ವಾರಂಟಿ ಪುಸ್ತಕ ಓದಿ. ಆದರೆ ಎರಡು ವರ್ಷ ಓಡಿಸಿದ ಟೈರಿಗೆ ಪೂರ್ತಿ ದುಡ್ಡು ಕೊಡಿಸಿ ಅಂತ ನನ್ನ ಹತ್ತಿರ ಜಗಳಕ್ಕೆ ಬರಬೇಡಿ.

ನಿಜ ಹೇಳಬೇಕೆಂದರೆ ಬರುವ ಎಷ್ಟೋ ದೂರಿನಲ್ಲಿ ಟೈರಿನ ತಪ್ಪೇ ಇರುವುದಿಲ್ಲ. ಒಂದೇ ಅಂಚು ಸವೆದಿದ್ದರೆ ಹೆಚ್ಚಾಗಿ ಚಕ್ರ ಕೂತ ಕೋನದ ತಪ್ಪು, ಅಂದರೆ ಅಲೈನ್‌ಮೆಂಟ್. ಎರಡೂ ಅಂಚು ಸವೆದು ನಡುವೆ ಉಳಿದಿದ್ದರೆ ಗಾಳಿ ಕಡಿಮೆ. ನಡುವೆ ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ. ಪಕ್ಕದಲ್ಲಿ ಉಬ್ಬಿನ ಬದಲು ರಿಮ್ಮಿನಿಂದ ಮೇಲಕ್ಕೆ ಒಳತಗ್ಗಿದ ಸಣ್ಣ ಗೆರೆ ಕಂಡು ಗಾಬರಿಯಾಗಿ ಬರುವವರೂ ಇದ್ದಾರೆ. ಸಾಮಾನ್ಯವಾಗಿ ಅದು ಒಳಪದರದ ಎರಡು ತುದಿ ಒಂದರ ಮೇಲೊಂದು ಕೂತ ಜಾಗ, ದೋಷವಲ್ಲ. ನಾನು ಟೈರ್ ಎಂಜಿನಿಯರ್ ಅಲ್ಲ. ಕೇಸಿಗೆ ಕೈ ಹಾಕುವ ಮುಂಚೆ ಗೊತ್ತಿರುವವರಿಗೆ ತೋರಿಸಿಕೊಂಡೇ ಬನ್ನಿ.

ಸರ್ವಿಸ್‌ಗೆ ಬಿಡುವಾಗ ನಿಮ್ಮ ದೂರು ಬರೆದುಕೊಳ್ಳುವ ಕಾಗದ, ಅಂದರೆ ಜಾಬ್ ಕಾರ್ಡ್ ಬಗ್ಗೆಯೂ ಒಂದು ಮಾತು. "80ರ ಮೇಲೆ ಹೋದರೆ ಸ್ಟೀರಿಂಗ್ ನಡುಗುತ್ತೆ" ಅಂತ ನೀವು ಸರ್ವಿಸ್ ಸೆಂಟರಿನಲ್ಲಿ ಹೇಳುತ್ತೀರಿ. ಅಡ್ವೈಸರ್ ತಲೆ ಆಡಿಸಿ "ಜನರಲ್ ಚೆಕಪ್" ಅಂತ ಬರೆಯುತ್ತಾನೆ. ನೀವು ಓದದೆ ಸೈನ್ ಹಾಕುತ್ತೀರಿ. ಮೂರು ಸಲ ಹೋಗಿ ಬಂದರೂ ಕಾಗದದ ಮೇಲೆ ನೀವು ಒಮ್ಮೆಯೂ ದೂರು ಕೊಟ್ಟಿಲ್ಲ. ನೀವು ಹೇಳಿದ ಮಾತೇ ಅದರಲ್ಲಿ ಬರಲಿ, ಕಿಲೋಮೀಟರ್ ರೀಡಿಂಗ್ ಸಮೇತ. ಬರೆಯಲು ಒಪ್ಪದಿದ್ದರೆ ಅವತ್ತೇ ಇಮೇಲ್ ಹಾಕಿ. ಕ್ಲೇಮ್ ತಳ್ಳಿಹಾಕಿದರೆ ಕಾರಣವನ್ನೂ ಬರಹದಲ್ಲೇ ಕೇಳಿ. ಬಾಯಿಮಾತಿನಲ್ಲಿ "ಆಗಲ್ಲ" ಅನ್ನುವವರು ಎಷ್ಟೋ ಸಲ ಬರೆದು ಕೊಡಿ ಅಂದ ಕೂಡಲೇ "ಇನ್ನೊಂದ್ಸಲ ಕೇಳಿ ನೋಡ್ತೀನಿ ತಾಳಿ ಸರ್" ಅನ್ನುತ್ತಾರೆ.

ಹೊಸ ಕಾರಿನ ಜೊತೆ ಬಂದ ಟೈರಾದರೆ ಶೋರೂಮಿನವರು ಟೈರ್ ಕಂಪನಿಯ ಕಡೆ ಕೈ ತೋರಿಸುತ್ತಾರೆ. ಟೈರ್ ಕಂಪನಿಯವರು ಕಾರಿನ ಅಲೈನ್‌ಮೆಂಟ್ ಸರಿ ಇಲ್ಲ ಅನ್ನುತ್ತಾರೆ. ಇಬ್ಬರಿಗೂ ಬರೆಯಿರಿ. ದೂರು ಕೊಡುವ ಹಂತ ಬಂದರೆ ಇಬ್ಬರನ್ನೂ ಎದುರುದಾರರನ್ನಾಗಿ ಮಾಡುವುದು ಕ್ಷೇಮ.

ಆಯೋಗಕ್ಕೆ ಹೋಗುವ ಮೊದಲು 1915 ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ ನೋಡಿ. ಕೆಲವು ಅಲ್ಲೇ ಬಗೆಹರಿಯುತ್ತವೆ. ಆಗದಿದ್ದರೆ ನೀವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಕಂಪನಿಯ ಊರಿಗೆ ಓಡಬೇಕಿಲ್ಲ. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕವೂ ಇಲ್ಲ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದ ಒಳಗೆ ಕೊಡಬೇಕು. ಪರೀಕ್ಷೆ ಬೇಕಾದ ಕೇಸನ್ನು ಐದು ತಿಂಗಳಲ್ಲಿ ಮುಗಿಸಲು ನೋಡಬೇಕು ಅಂತ ಕಾಯ್ದೆಯಲ್ಲಿದೆ. ನೀವು ಅದಕ್ಕಿಂತ ಜಾಸ್ತಿ ತಾಳ್ಮೆ ಇಟ್ಟುಕೊಂಡು ಬನ್ನಿ.

ಅಲ್ಲಿಯವರೆಗೆ ಆ ಟೈರ್ ಹಾಕಿಕೊಂಡು ಓಡಾಡಬೇಡಿ. ಗುಳ್ಳೆ ಎದ್ದ ಟೈರ್ ಹೈವೇಯಲ್ಲಿ ಸಿಡಿದರೆ ಕೇಸ್ ಬೇರೆಯೇ ಆಗುತ್ತದೆ. ಸ್ಟೆಪ್ನಿ ಹಾಕಿ, ಇಲ್ಲವೇ ಹೊಸದು ಕೊಳ್ಳಿ, ಬಿಲ್ ಜೋಪಾನ ಮಾಡಿ. ಅಂಗಡಿಯಿಂದ ವಾಪಸ್ ಬಂದ ಹಳೆಯ ಟೈರನ್ನು ಗೋಣಿಚೀಲದಲ್ಲಿ ಕಟ್ಟಿ ಅಟ್ಟದ ಮೇಲಿಡಿ. ಗುಜರಿಯವನು ಬಂದಾಗ ಅದನ್ನು ಕೊಡಬಾರದು ಅಂತ ಮನೆಯವರಿಗೂ ಹೇಳಿಡಿ.